ಗೊಂಬೆಯ ಕಾಲು ಆಡಿಸುವ ಹುಡುಗ

ಕಾಲೇಜಿನಲ್ಲಿ ನಾನು ನಾಟಕ ತಂಡದಲ್ಲಿದ್ದೆ. ಆದರೆ ಬಣ್ಣ ಹಚ್ಚಿದವನಲ್ಲ. ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಪಾತ್ರಧಾರಿಗಳ ಕೈಗೆ ಸಾಮಾನು ಕೊಡುವುದು ನನ್ನ ಕೆಲಸ. ನಮ್ಮ ಕನ್ನಡ ಮೇಷ್ಟ್ರು ರಿಹರ್ಸಲ್ ಮುಗಿದ ಮೇಲೆ ಮೊದಲು ಮಾತಾಡಿಸುತ್ತಿದ್ದದ್ದು ಪರದೆ ಹಿಂದಿನವರನ್ನೇ. ಅದಕ್ಕೇ ಇರಬೇಕು, ಮುಂದೆ ಓದಲು ಜಪಾನಿನ ಒಸಾಕಾಗೆ ಹೋದಾಗ ಅಲ್ಲಿನ ಬುನ್ರಾಕು ಗೊಂಬೆಯಾಟಕ್ಕೆ ಮನಸ್ಸು ಅಷ್ಟು ಬೇಗ ಅಂಟಿಕೊಂಡಿತು.

ಅಲ್ಲಿನ ರಾಷ್ಟ್ರೀಯ ಬುನ್ರಾಕು ರಂಗಮಂದಿರ 1984ರಲ್ಲಿ ಶುರುವಾದದ್ದು. ನಾನು ಊಟಕ್ಕೆ ಹೋಗುತ್ತಿದ್ದ ಸಣ್ಣ ಹೋಟೆಲಿಗೆ ಅಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ ಬರುತ್ತಿದ್ದ. ಅವನ ಮನೆಯಲ್ಲಿ ಗೊಂಬೆ ಆಡಿಸಿದವರು ಯಾರೂ ಇಲ್ಲ. ಜಪಾನಿನ ಇನ್ನೊಂದು ಹಳೆಯ ರಂಗಕಲೆಯಾದ ಕಬುಕಿಯಲ್ಲಿ ಮನೆತನವೇ ದೊಡ್ಡದು, ಬುನ್ರಾಕುವಿನಲ್ಲಿ ಹಾಗಲ್ಲ. 1972ರಲ್ಲಿ ಶುರುವಾದ ಎರಡು ವರ್ಷದ ತರಬೇತಿಗೆ ಯಾವ ಮನೆಯ ಹುಡುಗನಾದರೂ ಸೇರಬಹುದು. ಇವತ್ತಿನ ಕಲಾವಿದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೆ ಬಂದವರೇ. ಆದರೆ ಹುಡುಗಿಯರಿಗೆ ಅಲ್ಲಿ ಜಾಗ ಇಲ್ಲ. ಅದು ಮಾತ್ರ ನನಗೆ ಇಂದಿಗೂ ಸರಿ ಅನ್ನಿಸುವುದಿಲ್ಲ.

ಹಾಡಿ ಕಥೆ ಹೇಳುವುದು, ಮೂರು ತಂತಿಯ ವಾದ್ಯ ಶಾಮಿಸೆನ್ ನುಡಿಸುವುದು, ಗೊಂಬೆ ಆಡಿಸುವುದು, ಈ ಮೂರನ್ನೂ ಮೊದಲು ಕಲಿಸಿ ಆಮೇಲೆ ಒಂದಕ್ಕೆ ಹಾಕುತ್ತಾರೆ. ಇವನು ಗೊಂಬೆಯ ಕಡೆ ಹೋದ. ಒಬ್ಬ ಹಿರಿಯರ ಶಿಷ್ಯನಾದ. ಗುರುಗಳ ಬಟ್ಟೆ ಮಡಚುವುದು, ಮರದ ಎತ್ತರದ ಪಾದುಕೆ ಜೋಡಿಸಿಡುವುದು, ಆಟದ ನಡುವೆ ಸಾಮಾನು ಕೊಡುವುದು. ಕೇಳುತ್ತಿದ್ದರೆ ನನ್ನ ಕಾಲೇಜು ದಿನಗಳೇ ಕಣ್ಣ ಮುಂದೆ ಬರುತ್ತಿದ್ದವು.

ನಮ್ಮ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯನ್ನು ಮೇಲಿಂದ ಸೂತ್ರ ಹಿಡಿದು ಒಬ್ಬರೇ ಆಡಿಸುತ್ತಾರೆ ಅಂದಾಗ ಅವನಿಗೆ ಬಹಳ ಆಶ್ಚರ್ಯವಾಯಿತು. ಬುನ್ರಾಕುವಿನಲ್ಲಿ ಒಂದು ದೊಡ್ಡ ಗೊಂಬೆಗೆ ಮೂವರು ಬೇಕು. ಮುಖ್ಯ ಕಲಾವಿದರ ಕೈಯಲ್ಲಿ ತಲೆ ಮತ್ತು ಬಲಗೈ. ಎಡಗೈಗೆ ಇನ್ನೊಬ್ಬರು. ಕಾಲಿಗೆ ಮೂರನೆಯವನು. 1734ರ ಸುಮಾರಿಗೆ ಬಂದ ಪದ್ಧತಿ ಇದು. ಕಾಲಿನವನು ತಲೆಯಿಂದ ಪಾದದವರೆಗೆ ಕಪ್ಪು ಬಟ್ಟೆ ತೊಟ್ಟು, ಆಟದುದ್ದಕ್ಕೂ ಸೊಂಟ ಬಗ್ಗಿಸಿಕೊಂಡೇ ಇರಬೇಕು. ಬಾಯಲ್ಲಿ ಸೂಚನೆ ಕೊಡುವಂತಿಲ್ಲ. ಗುರುಗಳ ಸೊಂಟಕ್ಕೆ ತಾಗಿದ ತನ್ನ ತೋಳಿನಿಂದಲೇ ಅವರ ಮುಂದಿನ ಹೆಜ್ಜೆ ಯಾವುದೆಂದು ತಿಳಿದುಕೊಳ್ಳಬೇಕು. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಅಂತ ಅಲ್ಲಿನವರು ಹೇಳುತ್ತಾರೆ. ಬೇಜಾರಾಗಲ್ವಾ ಅಂತ ಕೇಳಿದೆ. ವೀರನೊಬ್ಬ ನೆಲ ಅದುರುವಂತೆ ಹೆಜ್ಜೆ ಹಾಕುತ್ತಾನಲ್ಲ, ಆ ಸದ್ದು ನನ್ನ ಕಾಲಿನದು ಅಂದ. ಎಷ್ಟು ಹೆಮ್ಮೆಯಿತ್ತು ಆ ಮಾತಿನಲ್ಲಿ!

ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಕಿಮೊನೊದ ಅಂಚನ್ನು ಬೆರಳಲ್ಲಿ ಹಿಡಿದು ನಡೆಸುತ್ತಾರೆ. ಮೊಣಕಾಲು ಬೇಕಾದಾಗ ಒಳಗಿಂದ ಮುಷ್ಟಿ ಒತ್ತುತ್ತಾರೆ. ಈ ನಿಯಮ ಮುರಿಯುವ ಒಂದು ದೃಶ್ಯಕ್ಕೆ ಅವನೇ ನನ್ನನ್ನು ಕಳಿಸಿದ. ನಾಟಕಕಾರ ಚಿಕಾಮಾತ್ಸು ಮೊನ್‌ಜಾಎಮೊನ್ 1703ರಲ್ಲಿ, ಅದೇ ವರ್ಷ ಒಸಾಕಾದಲ್ಲಿ ನಡೆದ ಪ್ರೇಮಿಗಳ ಸಾವಿನ ಮೇಲೆ ಬರೆದ 'ಸೊನೆಜಾಕಿ ಶಿಂಜು' ಆಟ ಅದು. ತೋಕುಬೆಯ್ ಜಗಲಿಯ ಕೆಳಗೆ ಅಡಗಿದ್ದಾನೆ. ಮೇಲೆ ಅವನ ಪ್ರೇಯಸಿ ಓಹಾತ್ಸು ಕೂತಿದ್ದಾಳೆ. ಅವನಿಗೆ ಮೋಸ ಮಾಡಿದವನೂ ಅಲ್ಲೇ ಇದ್ದಾನೆ, ಮಾತಾಡುವಂತಿಲ್ಲ. ಜೊತೆಗೆ ಸಾಯಲು ಸಿದ್ಧನಾ ಅಂತ ಅವಳು ಪಾದದಿಂದಲೇ ಕೇಳುತ್ತಾಳೆ. ಅವನು ಆ ಪಾದ ಹಿಡಿದು ತನ್ನ ಕುತ್ತಿಗೆಗೆ ಒತ್ತಿಕೊಳ್ಳುತ್ತಾನೆ. ಬಿಳಿ ಮರದ ಪುಟ್ಟ ಪಾದ. ನನ್ನ ಪಕ್ಕದಲ್ಲಿದ್ದ ಅಜ್ಜಿ ಅಳುತ್ತಿದ್ದರು, ನನ್ನ ಕಣ್ಣೂ ತುಂಬಿತ್ತು. ಆ ಕಾಲು ಒಂದು ದಿನ ತನ್ನ ಕೈಗೆ ಬರಬೇಕು ಅನ್ನುವುದು ಹುಡುಗನ ದೊಡ್ಡ ಆಸೆ.

ನಾನು ಊರಿಗೆ ಬಂದ ಮೇಲೂ ಅವನು ಹೊಸ ವರ್ಷಕ್ಕೆ ಕಾರ್ಡ್ ಕಳಿಸುತ್ತಾನೆ. ಇನ್ನೂ ಕಾಲಿನಲ್ಲೇ ಇದ್ದಾನೆ. ಸಣ್ಣ ಪಾತ್ರಗಳಲ್ಲಿ ಆಗಾಗ ಎಡಗೈಯನ್ನೂ ಕೊಡುತ್ತಿದ್ದಾರಂತೆ. ನಮ್ಮ ಕಾಲೇಜಿನಿಂದ ಯಾರಾದರೂ ಒಸಾಕಾ ಕಡೆ ಹೋದರೆ ಆ ರಂಗಮಂದಿರಕ್ಕೆ ಖಂಡಿತ ಹೋಗಿ. ಇಡೀ ಆಟಕ್ಕೆ ಸಮಯ ಇಲ್ಲದಿದ್ದರೆ ಒಂದೇ ಅಂಕಕ್ಕೂ ಟಿಕೆಟ್ ಕೊಡುತ್ತಾರೆ. ಕೂತ ಮೇಲೆ ಸ್ವಲ್ಪ ಹೊತ್ತು ಗೊಂಬೆಯ ಮುಖ ಬಿಟ್ಟು ಕಾಲು ನೋಡಿ.