ಬ್ಲ್ಯಾಕ್‌ಬರ್ನ್ ಅವರಿಂದಲೇ ಏಕೆ ಆರಂಭಿಸುತ್ತೀರಿ?

ಕಲ್ಲಚ್ಚು ಕಲಿಯಲು ಬರುವವರಿಗೆ ಮೊದಲ ದಿನ ನಾನು ರೆಂಬ್ರಾಂಟ್‌ನ ಲೋಹದ ತಗಡಿನ ಅಚ್ಚುಗಳಾದ ಎಚಿಂಗ್‌ಗಳನ್ನಾಗಲಿ ಜಪಾನಿನ ಮರದಚ್ಚುಗಳನ್ನಾಗಲಿ ತೋರಿಸುವುದಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದ ಕಪ್ಪು ಕಲಾವಿದ ರಾಬರ್ಟ್ ಬ್ಲ್ಯಾಕ್‌ಬರ್ನ್ ಅವರ ಕಥೆ ಹೇಳುತ್ತೇನೆ. ಪ್ರತಿ ತಂಡದಲ್ಲೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಷ್ಟು ದೊಡ್ಡ ಹೆಸರುಗಳಿರುವಾಗ ಇವರಿಂದಲೇ ಏಕೆ?"

ಉತ್ತರ ಕಲ್ಲಿನಲ್ಲೇ ಇದೆ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಹದ ಮಾಡಿ, ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಮಸಿ ಜಿಡ್ಡಿಗಷ್ಟೇ ಅಂಟುತ್ತದೆ, ನೀರಿರುವಲ್ಲಿ ನಿಲ್ಲುವುದಿಲ್ಲ. (1843ರಲ್ಲಿ ಹೊರಟ ನಮ್ಮ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಹೀಗೆಯೇ.) ಕಲ್ಲು ನಡುವೆ ಒಣಗಿತೋ, ಚಿತ್ರ ಕೆಟ್ಟಿತು. ಹಾಗಾಗಿ ಒಬ್ಬರು ಸ್ಪಂಜಿನಿಂದ ಒರೆಸುತ್ತಿದ್ದರೆ ಇನ್ನೊಬ್ಬರು ರೋಲರ್ ಹಿಡಿಯುತ್ತಾರೆ. ದೊಡ್ಡ ಕಲ್ಲನ್ನು ಎತ್ತಿಡುವುದಕ್ಕೂ ಇಬ್ಬರು ಬೇಕು. ಪ್ರೆಸ್ ಕೊಳ್ಳುವುದಂತೂ ಬಡ ಕಲಾವಿದರ ಕೈಗೆ ಎಟುಕದ ಮಾತು. ಹಾಗಾಗಿ ಕಲ್ಲಚ್ಚಿಗೆ ಕೂಡಿ ದುಡಿಯುವ ಜಾಗ ಬೇಕು, ಅಂಥದ್ದನ್ನು ಕಟ್ಟಿದವರು ಬ್ಲ್ಯಾಕ್‌ಬರ್ನ್.

ಜಮೈಕಾದಿಂದ ವಲಸೆ ಬಂದ ದಂಪತಿಯ ಮಗನಾಗಿ 1920ರಲ್ಲಿ ಹುಟ್ಟಿದ ಬ್ಲ್ಯಾಕ್‌ಬರ್ನ್ ಈ ವಿದ್ಯೆ ಕಲಿತದ್ದು ಹದಿಹರೆಯದಲ್ಲಿ, ಹಾರ್ಲೆಮ್ ಸಮುದಾಯ ಕಲಾ ಕೇಂದ್ರದಲ್ಲಿ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಸರ್ಕಾರದ ಹಣದಿಂದ 1937ರಲ್ಲಿ ತೆರೆದ ಆ ಕೇಂದ್ರಕ್ಕೆ ಶಿಲ್ಪಿ ಅಗಸ್ಟಾ ಸ್ಯಾವೇಜ್ ಮೊದಲ ನಿರ್ದೇಶಕಿ. ಪಾಠಕ್ಕೆ ಶುಲ್ಕವಿರಲಿಲ್ಲ. ಯುದ್ಧದ ವರ್ಷಗಳಲ್ಲಿ ಹಣ ನಿಂತಿತು, ಕೇಂದ್ರ ಮುಚ್ಚಿತು. ಮುಚ್ಚಿದ ಆ ಬಾಗಿಲನ್ನೇ ಒಂದರ್ಥದಲ್ಲಿ ಬ್ಲ್ಯಾಕ್‌ಬರ್ನ್ ತಮ್ಮ ಸ್ವಂತ ಹೊಣೆಯಲ್ಲಿ ಮತ್ತೆ ತೆರೆದರು ಎಂದು ನಾನು ತಿಳಿದಿದ್ದೇನೆ. 1940ರ ದಶಕದ ಕೊನೆಗೆ ಮ್ಯಾನ್‌ಹಟನ್‌ನಲ್ಲಿ ಅವರ ಮುದ್ರಣ ಕಾರ್ಯಾಗಾರ ಶುರುವಾಯಿತು. ಕಪ್ಪು ಕಲಾವಿದರಿಗೆ ಗ್ಯಾಲರಿಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇದ್ದ ಕಾಲವದು. ಅಂಥ ಕಾಲದಲ್ಲಿ ಅವರು ಜನಾಂಗ ನೋಡದೆ ಎಲ್ಲರನ್ನೂ ಒಳಗೆ ಕರೆದರು. ಹೆಸರಾಂತ ಕಪ್ಪು ಕಲಾವಿದರಾದ ರೊಮೇರ್ ಬಿಯರ್ಡೆನ್, ಎಮ್ಮಾ ಏಮಸ್, ಕಮೀಲ್ ಬಿಲಪ್ಸ್ ಅಲ್ಲಿ ಕೆಲಸ ಮಾಡಿದರು. ಅದೇ ಮೇಜುಗಳ ಬಳಿ ಆಗತಾನೇ ರೋಲರ್ ಹಿಡಿದವರೂ ನಿಂತಿರುತ್ತಿದ್ದರು.

1957ರಿಂದ ಕೆಲವು ವರ್ಷ ಬ್ಲ್ಯಾಕ್‌ಬರ್ನ್ ಲಾಂಗ್ ಐಲೆಂಡ್‌ನ ಹೆಸರಾಂತ ಮುದ್ರಣಶಾಲೆಯೊಂದರ ಮೊದಲ ಮುಖ್ಯ ಮುದ್ರಕರಾಗಿದ್ದರು. ಅಮೆರಿಕದ ಹೆಸರಾಂತ ಚಿತ್ರಕಾರ ಜಾಸ್ಪರ್ ಜಾನ್ಸ್ ಅವರ ಮೊದಲ ಕಲ್ಲಚ್ಚುಗಳನ್ನು ತೆಗೆದ ಕೈ ಇವರದು. ಜಾನ್ಸ್ ಹೆಸರು ಎಲ್ಲ ಪಠ್ಯಗಳಲ್ಲಿದೆ, ಇವರ ಹೆಸರು ಬಹುಕಾಲ ಎಲ್ಲೂ ಇರಲಿಲ್ಲ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಪರರ ಚಿತ್ರ ಅಚ್ಚು ಹಾಕುತ್ತಾ ಅವರ ಸ್ವಂತ ಚಿತ್ರಗಳು ಹಿಂದೆ ಬಿದ್ದವು ಎಂಬುದು ನಿಜ. ಆದರೂ 1950ರ ಅವರ 'ಗರ್ಲ್ ಇನ್ ರೆಡ್' ನೋಡಿದವರು ಅವರನ್ನು ಬರೀ ಮುದ್ರಕ ಎಂದು ಕರೆಯಲಾರರು.

ಹೀಗೆ ಕೂಡಿ ದುಡಿದವರು ಇನ್ನೂ ಇದ್ದಾರೆ. ಅಮೆರಿಕದ ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1946ರಲ್ಲಿ ಮೆಕ್ಸಿಕೊಗೆ ಹೋಗಿ, ಕಾರ್ಮಿಕರಿಗೂ ರೈತರಿಗೂ ಭಿತ್ತಿಪತ್ರ ಮಾಡಿಕೊಡುತ್ತಿದ್ದ 'ತಾಯೆರ್ ದೆ ಗ್ರಾಫಿಕಾ ಪಾಪ್ಯುಲರ್' ಎಂಬ ಕಲಾವಿದರ ಕೂಟ ಸೇರಿದರು. ಅವರ 'ಶೇರ್‌ಕ್ರಾಪರ್' ಎಂಬ ಲಿನೋ ಅಚ್ಚಿನಲ್ಲಿ (ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ತೆಗೆದ ಅಚ್ಚು) ಅಗಲ ಹುಲ್ಲುಟೋಪಿಯ ಗೇಣಿ ರೈತ ಮಹಿಳೆಯ ಮೇಲಂಗಿಯನ್ನು ಹಿಡಿದಿಟ್ಟಿರುವುದು ಒಂದು ಪಿನ್ನು. ನಾನು ಎಷ್ಟು ಸಲ ನೋಡಿದರೂ ಕಣ್ಣು ಆ ಪಿನ್ನಿನ ಮೇಲೆಯೇ ನಿಲ್ಲುತ್ತದೆ. ಫಿಲಡೆಲ್ಫಿಯಾದಲ್ಲಿ ಅಲನ್ ಎಡ್ಮಂಡ್ಸ್ 1972ರಲ್ಲಿ ಆರಂಭಿಸಿದ ಬ್ರಾಂಡಿವೈನ್ ಕಾರ್ಯಾಗಾರ ಇಂದಿಗೂ ನಡೆಯುತ್ತಿದೆ. ಕಪ್ಪು ಮುದ್ರಣ ಕಲಾವಿದೆಯರಿಗಾಗಿಯೇ ತನೆಕೇಯಾ ವರ್ಡ್ 2018ರಲ್ಲಿ ಒಂದು ಒಕ್ಕೂಟ ಕಟ್ಟಿದರು.

ಬ್ಲ್ಯಾಕ್‌ಬರ್ನ್ ಅವರ ಕಾರ್ಯಾಗಾರ 2001ರಲ್ಲಿ ಮುಚ್ಚಿತು, 2003ರಲ್ಲಿ ಅವರು ತೀರಿಕೊಂಡರು. 2005ರಲ್ಲಿ ಅದು ಅವರದೇ ಹೆಸರಿನಲ್ಲಿ ಮ್ಯಾನ್‌ಹಟನ್‌ನಲ್ಲೇ ಮತ್ತೆ ತೆರೆಯಿತು.

ಇಷ್ಟು ಹೇಳಿ ಮುಗಿಸಿದ ಮೇಲೆ, ಪ್ರಶ್ನೆ ಕೇಳಿದವರ ಕೈಗೆ ಸ್ಪಂಜು ಕೊಡುತ್ತೇನೆ. ಅವರ ಚಿತ್ರದ ಸರದಿ ಎರಡನೇ ವಾರಕ್ಕೆ. ಆ ದಿನ ಅವರು ಪಕ್ಕದವರ ಕಲ್ಲನ್ನು ಒದ್ದೆಯಾಗಿಡುತ್ತಾರೆ.