ಮಳೆ ಬಿಟ್ಟ ಮರುದಿನ ವ್ಯಾಕ್ಸಿನ್ ಡಿಪೊದಲ್ಲಿ ಓಟ

ಆಗಸ್ಟಿನಲ್ಲಿ ಬೆಳಗಾವಿಯ ಮಳೆ ಒಂದು ದಿನ ಬಿಡುವು ಕೊಟ್ಟರೆ ಸಾಕು, ಮರುದಿನ ನಸುಕಿಗೇ ಟಿಳಕವಾಡಿಯ ವ್ಯಾಕ್ಸಿನ್ ಡಿಪೊದಲ್ಲಿ ಜನ ಸೇರುತ್ತಾರೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಆವರಣ; ಈಗ ಊರಿಗೆ ಅದು ಹಳೇ ಮರಗಳ ನೆರಳು, ವಾಕಿಂಗ್, ಓಟ. ಡಾಂಬರು ಬಿಟ್ಟು ಮರಗಳ ನಡುವಿನ ಕೆಂಪು ಮಣ್ಣಿನ ದಾರಿಗೆ ಇಳಿದರೆ ಓಟದ ಲೆಕ್ಕವೇ ಬದಲಾಗುತ್ತದೆ.

ಮಣ್ಣಿನ ಮೇಲೆ ಓಡಿದರೆ ಮೊಣಕಾಲಿಗೆ ಒಳ್ಳೇದು ಅಂತಾರೆ. ಅದು ಅರ್ಧ ನಿಜ. ನೆಲ ಮೆತ್ತಗಾದಷ್ಟೂ ಕಾಲು ತಾನೇ ಬಿಗಿಯಾಗುತ್ತದೆ, ಹಾಗಾಗಿ ಪೆಟ್ಟು ಅಂದುಕೊಂಡಷ್ಟು ತಗ್ಗುವುದಿಲ್ಲ. ನಿಜವಾದ ಲಾಭವೆಂದರೆ ಇಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ಭಾರ ಒಂದೇ ಜಾಗಕ್ಕೆ ಕೂರದೆ ಹಂಚಿಹೋಗುತ್ತದೆ. ದಂಡ ಕಟ್ಟುವುದು ಮೀನಖಂಡ. ಮಣ್ಣಿನಲ್ಲಿ ಹಿಮ್ಮಡಿ ಇಳಿದಷ್ಟೂ ಅದರ ಮೇಲಿನ ಸ್ನಾಯು ಹೆಚ್ಚು ಎಳೆಯುತ್ತದೆ. ಡಾಂಬರಿನಲ್ಲಿ ವಾರಕ್ಕೆ ನಾಲ್ಕು ಸಲ ಓಡುವವರು ಮೊದಲ ತಿಂಗಳು ವಾರಕ್ಕೆ ಒಂದೇ ಸಲ, ಅದೂ 20 ನಿಮಿಷ ಮಾತ್ರ ಮಣ್ಣಿಗೆ ಇಳಿಯಬೇಕು.

ವೇಗಕ್ಕೆ ವಾಚ್ ನೋಡಬೇಡಿ. ದಟ್ಟ ಮರಗಳ ಕೆಳಗೆ ಜಿಪಿಎಸ್ ಅಡ್ಡಾದಿಡ್ಡಿ ಅಳೆಯುತ್ತದೆ, ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನವಾದರೂ ಶ್ರಮ ಅಷ್ಟೇ ಇರುತ್ತದೆ. ಅಕ್ಕಪಕ್ಕ ಮಾತಾಡುತ್ತಾ ಓಡಲಾದರೆ ಸರಿಯಾದ ವೇಗ.

ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ನೇರಕ್ಕೇ ಬೀಳಲಿ. ಉದ್ದ ಹೆಜ್ಜೆ ಹಾಕಿದರೆ ಹಿಮ್ಮಡಿ ಮುಂದೆ ಬಿದ್ದು ಜಾರುತ್ತದೆ. ಕಣ್ಣು ಹತ್ತು-ಹನ್ನೆರಡು ಅಡಿ ಮುಂದಿರಬೇಕು. ಕಾಲ ಬುಡ ನೋಡುತ್ತಾ ಓಡುವವರೇ ಎಡವುವುದು. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ. ಸಿಪ್ಪೆ ಸುಲಿದ ಬೇರಂತೂ ಸೋಪಿನಂತಿರುತ್ತದೆ. ನೆರಳಿನಲ್ಲಿ ಹಸಿರು ಪಾಚಿ ಹಿಡಿದ ಗಟ್ಟಿ ನೆಲಕ್ಕಿಂತ ಪಕ್ಕದ ರಾಡಿಯೇ ಮೇಲು, ಅದು ಕಾಲನ್ನಾದರೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಇದೇ ದಾರಿ ಇನ್ನೊಂದು ಥರ ಕೈಕೊಡುತ್ತದೆ: ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿರುತ್ತದೆ, ತಿರುವಿನಲ್ಲಿ ಕಾಲು ಹೊರಕ್ಕೆ ಓಡುತ್ತದೆ.

ಈ ಕೆಂಪು ಮಣ್ಣಿಗೆ ಒಂದು ಪುಣ್ಯ ಇದೆ, ನೀರು ಬೇಗ ಇಂಗುತ್ತದೆ. ವಿಜಯಪುರದ ಎರೆ ಮಣ್ಣಿನಲ್ಲಿ ಮಳೆಯ ಮರುದಿನ ಓಡಲು ಹೋದರೆ ಹತ್ತು ಹೆಜ್ಜೆಗೆ ಶೂ ಅಡಿ ಮಣ್ಣಿನ ಹಲಗೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಡಾಂಬರೇ ಗತಿ.

ಒಣ ದಿನಕ್ಕೆ ಮಾಮೂಲಿ ಓಟದ ಶೂ ನಡೆಯುತ್ತದೆ. ಮಳೆಗಾಲಕ್ಕೆ ಅಡಿಯ ಹಲ್ಲು 4 ಮಿಲಿಮೀಟರಾದರೂ ಇರಬೇಕು, ಹಲ್ಲುಗಳ ನಡುವೆ ಅಂತರ ಇರಬೇಕು, ಇಲ್ಲದಿದ್ದರೆ ರಾಡಿ ಅಲ್ಲೇ ತುಂಬಿ ಅಡಿ ನುಣುಪಾಗುತ್ತದೆ. ಇಳಿಜಾರಿನಲ್ಲಿ ಬೆರಳುಗುರು ಶೂಗೆ ಬಡಿಯುತ್ತಿದ್ದರೆ ಲೇಸ್ ಹೀಗೆ ಕಟ್ಟಿ: ತುದಿಯನ್ನು ಅದೇ ಬದಿಯ ಕೊನೆಯ ತೂತಿಗೆ ಹಾಕಿ ಪುಟ್ಟ ಕುಣಿಕೆ ಬಿಡಿ, ಇನ್ನೊಂದು ಬದಿಗೂ ಅಷ್ಟೇ. ಎಡದ ತುದಿ ಬಲದ ಕುಣಿಕೆಯಲ್ಲಿ, ಬಲದ್ದು ಎಡದ್ದರಲ್ಲಿ ತೂರಿಸಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲುಗುವುದಿಲ್ಲ. ಹತ್ತಿಯ ಕಾಲುಚೀಲ ಒದ್ದೆಯಾದರೆ ಬೊಬ್ಬೆ ಏಳುತ್ತದೆ, ಅದು ಮನೆಯಲ್ಲೇ ಇರಲಿ.

ವಾಕಿಂಗಿನವರೇ ಹೆಚ್ಚು, ಹಿಂದಿನಿಂದ ಸದ್ದಿಲ್ಲದೆ ನುಗ್ಗಬಾರದು. "ಕಾಕಾ, ಬಲಗಡೆಯಿಂದ ಬರಾಕತ್ತೀನ್ರಿ" ಅಂದರೆ ಸಾಕು. ನಾಯಿ ಅಟ್ಟಿ ಬಂದರೆ ಓಟ ನಿಲ್ಲಿಸಿ ನಡೆಯಿರಿ. ಹುಲ್ಲು ಬೆಳೆದ ಅಂಚಿಗೆ ಹೋಗದೆ ದಾರಿಯ ನಡುವೆಯೇ ಇರಿ, ಮಳೆಗಾಲದಲ್ಲಿ ಹಾವಿನ ಓಡಾಟ ಇರುತ್ತದೆ.

ಮನೆಗೆ ಬಂದ ಕೂಡಲೇ ಶೂ ತೊಳೆಯಲು ಹೋಗಬೇಡಿ. ಮಣ್ಣು ಒಣಗಿದ ಮೇಲೆ ತಟ್ಟಿ, ಬ್ರಷ್ ಹಾಕಿ. ಒಳಗಿನ ಅಟ್ಟೆ ತೆಗೆದು ಹಳೇ ಪೇಪರ್ ತುರುಕಿ ಫ್ಯಾನ್ ಗಾಳಿಗಿಡಿ, ಎರಡು ತಾಸಿಗೊಮ್ಮೆ ಪೇಪರ್ ಬದಲಿಸಿ. ಒಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಬಿಳಿ ಕಾಲುಚೀಲದ ಕೆಂಪು ಮಾತ್ರ ಪೂರ್ತಿ ಹೋಗುವುದಿಲ್ಲ; ಕಪ್ಪು ಕೊಳ್ಳಿ.