ಫಿಲ್ಟರ್ ಪೇಪರ್ ಕೂಡ ಬಣ್ಣ ಹೀರುತ್ತೆ!

ನೀರಿನಲ್ಲಿರುವ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಮರದ ಹೊಟ್ಟು ಬಳಸಿ ತೆಗೆಯುವ ಪ್ರಯೋಗದಲ್ಲಿ ಎಷ್ಟೋ ಸಲ ಹೊಟ್ಟಿಗೆ ಸಿಗುವ ಶ್ರೇಯಸ್ಸಿನಲ್ಲಿ ಒಂದು ಪಾಲು ಫಿಲ್ಟರ್ ಪೇಪರಿನದು. ಅದೂ ಸೆಲ್ಯುಲೋಸೇ ತಾನೆ, ನೀಲಿಯನ್ನು ಬಿಡುತ್ತಾ? ಸೋಸಬೇಡಿ, ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಹೊಟ್ಟನ್ನು ತಳಕ್ಕೆ ಕೂರಿಸಿ), ಮೇಲಿನ ತಿಳಿ ಎಷ್ಟು ಬೆಳಕು ಹೀರುತ್ತೆ ಅಂತ 664 ನ್ಯಾನೋಮೀಟರ್ ತರಂಗಾಂತರದಲ್ಲಿ ಓದಿ; ಉಳಿದ ಬಣ್ಣ ಎಷ್ಟೆಂದು ಅದರಿಂದ ಗೊತ್ತಾಗುತ್ತೆ.

ಹೊಟ್ಟನ್ನು ಮೊದಲು ಬಿಸಿನೀರಲ್ಲಿ ತೊಳೆಯಲೇಬೇಕು, ತೊಳೆದ ನೀರು ತಿಳಿಯಾಗುವವರೆಗೂ. ಇಲ್ಲದಿದ್ದರೆ ಮರದಲ್ಲಿರುವ ಟ್ಯಾನಿನ್ ಎಂಬ ಕಂದು ಒಗರು ಪದಾರ್ಥ ಬಿಟ್ಟುಕೊಂಡು, ನೀಲಿ ಹೋದ ನೀರು ಕಂದಾಗಿ ಕೂರುತ್ತದೆ. ಆಮೇಲೆ 60–80 ಡಿಗ್ರಿಯಲ್ಲಿ ಒಣಗಿಸಿ, ಜರಡಿ ಹಿಡಿಯಿರಿ.

ಬಣ್ಣದ ನೀರಿನ ಪಿಎಚ್ 6–7 ಇರಲಿ. ಆಮ್ಲ ಹೆಚ್ಚಾದರೆ ಹೈಡ್ರೋಜನ್ ಅಯಾನುಗಳೇ ಹೊಟ್ಟಿನ ಮೇಲೆ ಜಾಗ ಹಿಡಿದು ಕೂರುತ್ತವೆ, ಮಿಥಿಲೀನ್ ಬ್ಲೂನಂಥ ಧನಾವೇಶದ ಬಣ್ಣಕ್ಕೆ ತಾವಿಲ್ಲ. ಕಾಂಗೋ ರೆಡ್‌ನಂಥ ಋಣಾವೇಶದ ಬಣ್ಣಕ್ಕೆ ಈ ಹೊಟ್ಟು ಅಷ್ಟಕ್ಕಷ್ಟೇ.

ಶೇಕಡಾ ಎಷ್ಟು ಬಣ್ಣ ಹೋಯಿತು ಅನ್ನೋ ಲೆಕ್ಕ ನನಗಂತೂ ಅರ್ಧ ಸತ್ಯ; ಒಂದು ಗ್ರಾಂ ಹೊಟ್ಟು ಎಷ್ಟು ಹೀರಿತು ಅಂತಲೂ ನೋಡಬೇಕು. ಲೀಟರಿಗೆ 50 ಮಿ.ಗ್ರಾಂ ಬಣ್ಣದ 100 ಮಿ.ಲೀ. ನೀರಿಗೆ 0.2 ಗ್ರಾಂ ಹೊಟ್ಟು ಹಾಕಿ, ಕೊನೆಗೆ ಲೀಟರಿಗೆ 5 ಮಿ.ಗ್ರಾಂ ಉಳಿಯಿತು ಅನ್ನಿ: ಶೇ. 90, ಅಂದರೆ ಗ್ರಾಂಗೆ 22.5 ಮಿ.ಗ್ರಾಂ. ಹೊಟ್ಟು ದುಪ್ಪಟ್ಟು ಮಾಡಿ 2 ಉಳಿದರೆ ಶೇ. 96, ಆದರೆ ಗ್ರಾಂಗೆ ಬರೀ 12. ಮೇಲಾಗಿ, ನೀಲಿ ತುಂಬಿದ ಆ ಹೊಟ್ಟನ್ನು ಎಲ್ಲಿ ಹಾಕೋದು ಅಂತ ಯಾರೂ ಬರೆಯೋದೇ ಕಮ್ಮಿ.